ಗೃಹವಸ್ತುಗಳ ಬಾಳಿಕೆ

ಚರಿತ್ರೆ ಎಂದೊಡನೆಯೇ ನಮ್ಮ ಮನಸ್ಸು ಅರಮನೆಗಳ ಕಡೆಗೂ ರಣರಂಗಗಳ ಕಡೆಗೂ ಓಡುವುದು. ರಾಜರ ವಂಶಾವಳಿ, ಕೋಟೆಗಳ ಮುತ್ತಿಗೆ, ಒಪ್ಪಂದಗಳ ತಾರೀಖು, ಇವೇ ಚರಿತ್ರೆಯೆಂದು ನಾವು ಪಾಠಶಾಲೆಯಲ್ಲಿ ಕಲಿತೆವು. ಆದರೆ ನಮ್ಮ ಮನೆಗಳ ಅಟ್ಟದ ಮೇಲೂ ಒಂದು ಚರಿತ್ರೆ ಕುಳಿತಿದೆ. ಅಲ್ಲಿ ಅಜ್ಜಿಯ ಕಾಲದ ತಾಮ್ರದ ಹಂಡೆಯೊಂದಿರುವುದು. ಅದರ ಪಕ್ಕದಲ್ಲಿಯೇ, ಮೂರು ವರ್ಷದ ಹಿಂದೆ ಕೊಂಡು ಎರಡನೆಯ ವರ್ಷಕ್ಕೇ ಕೆಟ್ಟುನಿಂತ ಯಾವುದೋ ಒಂದು ವಿದ್ಯುದ್ಯಂತವಿರುವುದು. ಹಂಡೆಯನ್ನು ಇಳಿಸಿ ಹುಣಿಸೆಹಣ್ಣು ಹಾಕಿ ಬೆಳಗಿದರೆ ನಾಳೆಯೇ ಅದರಲ್ಲಿ ನೀರು ಕಾಯಿಸಬಹುದು. ಯಂತ್ರವನ್ನು ಉಪಯೋಗಿಸುವಂತೆಯೂ ಇಲ್ಲ, ಎಸೆಯಲು ಮನಸ್ಸೂ ಬಾರದು.

ಹೀಗೇಕಾಯಿತೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಹಿಂದಿನವರು ಪ್ರಾಮಾಣಿಕರು, ಈಗಿನವರು ಮೋಸಗಾರರು, ಹಿಂದೆ ಗಟ್ಟಿ ಸಾಮಾನು ಸಿಕ್ಕುತ್ತಿದ್ದಿತು, ಈಗ ಸಿಕ್ಕದು. ಈ ಉತ್ತರ ನಮ್ಮ ಮನಸ್ಸಿಗೆ ಹಿತವಾಗಿದೆಯೇ ಹೊರತು ಪೂರ್ತಿ ನಿಜವಲ್ಲ. ಪದಾರ್ಥವೊಂದು ಬಾಳುವುದು ಅದರ ಗಟ್ಟಿತನ ಒಂದರಿಂದಲೇ ಅಲ್ಲ. ಅದನ್ನು ಮಾಡಿದವನು, ಅದು ಕೆಟ್ಟಾಗ ಸರಿಮಾಡುವವನು, ಅದನ್ನು ದಿನವೂ ಬಳಸುವವನು, ಈ ಮೂವರ ಸಂಬಂಧ ಎಲ್ಲಿಯವರೆಗೆ ಉಳಿದಿರುವುದೋ ಅಲ್ಲಿಯವರೆಗೆ ವಸ್ತುವೂ ಉಳಿಯುವುದು. ಆ ಸಂಬಂಧ ಹೇಗೆ ಕಟ್ಟಿಕೊಂಡಿದ್ದಿತು, ಎಲ್ಲಿ ಸಡಿಲವಾಯಿತು, ಅದನ್ನು ತಿಳಿದರೆ ಇಂದು ಅಂಗಡಿಯ ಮುಂದೆ ನಿಂತ ಗೃಹಸ್ಥನಿಗೆ ಏನು ಪ್ರಯೋಜನ ಎಂಬುದೇ ಈ ಹೊತ್ತಿನ ನಮ್ಮ ವಿಚಾರ.

ತಾಮ್ರದಿಂದಲೇ ಆರಂಭಿಸೋಣ. ನಮ್ಮ ನಾಡಿನ ಅರಸರು ಭೂಮಿಯನ್ನು ದಾನಮಾಡುವಾಗ ಆ ದಾನವು ಆಚಂದ್ರಾರ್ಕವಾಗಿ, ಎಂದರೆ ಸೂರ್ಯಚಂದ್ರರಿರುವವರೆಗೆ, ನಡೆದುಬರಬೇಕೆಂದು ಬಯಸಿದರು. ಓಲೆಗರಿಗೆ ಹುಳು ಹಿಡಿಯುವುದು, ಬಟ್ಟೆ ಜೀರ್ಣವಾಗುವುದು. ಆದುದರಿಂದ ಶಾಸನವನ್ನು ಕಲ್ಲಿನ ಮೇಲೆ ಅಥವಾ ತಾಮ್ರದ ತಗಡಿನ ಮೇಲೆ ಕೊರೆಸಿದರು. ಕದಂಬರು, ಗಂಗರು, ಚಾಲುಕ್ಯರು ಬರೆಸಿದ ತಾಮ್ರಶಾಸನಗಳನ್ನು ಇಂದಿಗೂ ವಿದ್ವಾಂಸರು ಓದುತ್ತಿರುವರು. ಅರಸನು ತನ್ನ ಮಾತು ಉಳಿಯಲೆಂದು ಆರಿಸಿಕೊಂಡ ಲೋಹವನ್ನೇ ಗೃಹಸ್ಥನು ತನ್ನ ಬಚ್ಚಲುಮನೆಯ ಹಂಡೆಗೂ ಕುಡಿಯುವ ನೀರಿನ ಕೊಡಕ್ಕೂ ಆರಿಸಿಕೊಂಡನು. ಇಬ್ಬರ ಉದ್ದೇಶವೂ ಒಂದೇ ಆಗಿದ್ದಿತು: ತಾನು ಹೋದ ಮೇಲೂ ವಸ್ತುವಿರಬೇಕು.

ಲೋಹದ ಪಾತ್ರೆಯನ್ನು ತೂಗಿ ಕೊಳ್ಳುವುದು ಬಹು ಹಿಂದಿನ ಪದ್ಧತಿ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳ ದೊರೆ ಒಂದನೆಯ ರಾಜರಾಜನು ತಂಜಾವೂರಿನ ದೇವಾಲಯಕ್ಕೆ ಕೊಟ್ಟ ಚಿನ್ನದ ಮತ್ತು ಬೆಳ್ಳಿಯ ಪಾತ್ರೆಗಳನ್ನು ಅಲ್ಲಿಯ ಶಾಸನಗಳು ಒಂದೊಂದಾಗಿ ಹೆಸರಿಸಿ, ‘ಆಡವಲ್ಲಾನ್’ ಎಂಬ ತೂಕದ ಕಲ್ಲಿನಿಂದ ತೂಗಿ ಇಷ್ಟಾಯಿತೆಂದು ಬರೆದಿಡುವುವು. ದೇವರ ಭಂಡಾರದಲ್ಲಿ ನಡೆದ ಈ ಲೆಕ್ಕವೇ ಸಣ್ಣ ಪ್ರಮಾಣದಲ್ಲಿ ನಮ್ಮ ಪೇಟೆಬೀದಿಯ ಪಾತ್ರೆಯ ಅಂಗಡಿಯಲ್ಲಿಯೂ ನಡೆಯುತ್ತಿದ್ದಿತು. ಕೊಳ್ಳುವಾಗ ಲೋಹಕ್ಕೆ ಇಷ್ಟು, ಕೂಲಿಗೆ ಇಷ್ಟು ಎಂದು ಬೇರೆ ಬೇರೆಯಾಗಿ ಎಣಿಸುತ್ತಿದ್ದರು. ಪಾತ್ರೆ ತೂತುಬಿದ್ದು ಹೋದರೆ ಕಳೆದುಹೋಗುತ್ತಿದ್ದುದು ಕೂಲಿ ಮಾತ್ರ, ಲೋಹ ಉಳಿಯುತ್ತಿದ್ದಿತು. ಹಳೆಯದನ್ನು ತೂಕಕ್ಕೆ ಹಾಕಿ, ಸವೆತಕ್ಕೆಂದು ಸ್ವಲ್ಪ ಕಳೆದು, ಮೇಲಿಷ್ಟು ಹಣ ಕೊಟ್ಟು ಹೊಸದನ್ನು ತರುವುದು ಸಾಮಾನ್ಯವಾಗಿದ್ದಿತು.

ಇದರ ಅರ್ಥವನ್ನು ನಾವು ಚೆನ್ನಾಗಿ ಗ್ರಹಿಸಬೇಕು. ಬ್ಯಾಂಕುಗಳಿಲ್ಲದ ಕಾಲದಲ್ಲಿ ಅಡಿಗೆಮನೆಯೇ ಮನೆಯ ಬ್ಯಾಂಕಾಗಿದ್ದಿತು. ಮಳೆ ಹೋದ ವರ್ಷ ಹಿತ್ತಾಳೆಯ ಕೊಳಗವನ್ನು ಒತ್ತೆಯಿಟ್ಟು ಬಿತ್ತನೆಯ ಬೀಜ ತರುತ್ತಿದ್ದರು; ಬೆಳೆ ಬಂದ ಮೇಲೆ ಬಿಡಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಹೋಗುವ ಮಗಳಿಗೆ ಕೊಟ್ಟ ಪಾತ್ರೆಗಳ ಮೇಲೆ ಹೆಸರು ಕೆತ್ತಿಸಿ ಕಳುಹಿಸುತ್ತಿದ್ದರು. ಹಾಗೆ ಕೆತ್ತಿದ ಹೆಸರು ಅಲಂಕಾರಕ್ಕೆಂದು ಹಾಕಿದುದಲ್ಲ. ಈ ಆಸ್ತಿ ಯಾರದೆಂಬುದಕ್ಕೆ ಅದೇ ಪತ್ರ. ವಸ್ತುವಿನ ಮುಪ್ಪಿಗೂ ಬೆಲೆಯಿದ್ದಿತು. ಕೊಳ್ಳುವವನಿಗೆ ಅದು ಗೊತ್ತಿದ್ದಿತು. ಆದುದರಿಂದಲೇ ತೆಳ್ಳನೆಯ ತಗಡನ್ನು ಕೊಳ್ಳದೆ ದಪ್ಪನೆಯದನ್ನು ಕೇಳಿ ಕೊಳ್ಳುತ್ತಿದ್ದನು.

ಎರಡನೆಯ ಸಂಗತಿ, ಸರಿಮಾಡುವವನದು. ತಾಮ್ರ ಹಿತ್ತಾಳೆಗಳಿಗೆ ಒಂದು ದೊಡ್ಡ ದೋಷವುಂಟು: ಹುಳಿ ತಾಗಿದರೆ ಕಿಲುಬು ಹಿಡಿಯುವುದು. ಹುಣಿಸೆಹಣ್ಣು, ಮಜ್ಜಿಗೆ, ನಿಂಬೆಹಣ್ಣುಗಳಿಲ್ಲದೆ ನಮ್ಮ ಅಡಿಗೆಯೇ ಇಲ್ಲ. ಹೀಗಿದ್ದೂ ಆ ಲೋಹಗಳು ನಮ್ಮ ಒಲೆಯ ಮೇಲೆ ಶತಮಾನಗಳ ಕಾಲ ಕುಳಿತುದು ಹೇಗೆ? ಕಲಾಯಿಯವನ ದೆಸೆಯಿಂದ. ಅವನು ಬೀದಿಯ ಮೂಲೆಯಲ್ಲಿ ಚಿಕ್ಕ ಗುಂಡಿ ತೋಡಿ, ತಿದಿಯೊತ್ತಿ, ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯೆರಚಿ, ತವರದ ಕಡ್ಡಿಯನ್ನು ತಾಗಿಸಿ, ಅರಳೆಯಿಂದ ಒಂದು ಸುತ್ತು ಒರಸಿದನೆಂದರೆ ಒಳಭಾಗವೆಲ್ಲ ಬೆಳ್ಳಿಯಂತಾಗುವುದು. ತವರವು ಸುಮಾರು 232 ಡಿಗ್ರಿ ಸೆಂಟಿಗ್ರೇಡಿನ ಶಾಖಕ್ಕೇ ಕರಗುವುದು. ತಾಮ್ರ ಕರಗಬೇಕಾದರೆ 1085 ಡಿಗ್ರಿ ಬೇಕು. ಆದುದರಿಂದ ಪಾತ್ರೆಗೆ ಅಪಾಯವಾಗದೆ ಅದರ ಒಳಹೊದಿಕೆಯನ್ನು ಮಾತ್ರ ಎಷ್ಟು ಸಲವಾದರೂ ಹೊಸದುಮಾಡಬಹುದು. ಇಲ್ಲೊಂದು ಉತ್ತಮವಾದ ಸೂತ್ರವಿದೆ: ಬೇಗ ಸವೆಯುವ ಭಾಗ ಬೇರೆ, ಬಹುಕಾಲ ನಿಲ್ಲುವ ಭಾಗ ಬೇರೆ, ಸವೆಯುವ ಭಾಗವನ್ನು ಬದಲಾಯಿಸಬಲ್ಲವನು ನಮ್ಮ ಬೀದಿಗೇ ಬರುವನು. ಈ ಸೂತ್ರವನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದು ಮತ್ತೆ ಬರುವುದು.

ಆದರೆ ಹಿಂದಿನ ಕಾಲವನ್ನು ಹೊಗಳುವ ಉತ್ಸಾಹದಲ್ಲಿ ನಾವು ಎರಡು ಸಂಗತಿಗಳನ್ನು ಮರೆಮಾಚಬಾರದು. ಮೊದಲನೆಯದಾಗಿ, ತಾಮ್ರದ ಹಂಡೆ ಎಲ್ಲರ ಮನೆಯಲ್ಲಿಯೂ ಇರಲಿಲ್ಲ. ಬಹುಜನರು ಮಣ್ಣಿನ ಮಡಕೆಯಲ್ಲಿ ಬೇಯಿಸಿ, ಎಲೆಯ ಮೇಲೆ ಉಂಡು ಕಾಲಕಳೆದವರು. ಅವರಿಗೂ ಬಾಳಿಕೆಯ ವಸ್ತುಗಳಿದ್ದುವು, ಆದರೆ ಬೇರೆ ಬಗೆಯವು. ಕಂಬಳಿಯನ್ನೇ ನೋಡಿರಿ. 1800 ಮತ್ತು 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚಾರಮಾಡಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕುರಿಸಾಕಣೆಯನ್ನೂ ಕಂಬಳಿಯ ನೆಯ್ಗೆಯನ್ನೂ ಕುರಿತು ಬರೆದಿದ್ದಾನೆ. ಹುಣಿಸೆಬೀಜದ ಗಂಜಿ ಹಾಕಿ ಬಿಗಿಗೊಳಿಸಿದ ಆ ಒರಟು ಕಂಬಳಿ ರೈತನಿಗೆ ರಾತ್ರಿ ಹಾಸಿಗೆ, ಮಳೆಯಲ್ಲಿ ಕೊಪ್ಪೆ, ಕಣದಲ್ಲಿ ಕಾಳು ಹರಡುವ ಜಮಖಾನ, ಪಂಚಾಯತಿಯಲ್ಲಿ ಪೀಠ. ಒಂದು ವಸ್ತುವಿನಿಂದ ನಾಲ್ಕು ಕೆಲಸ ಪಡೆಯುವುದು ಬಡವನ ಮಿತವ್ಯಯ. ಅದರಲ್ಲಿ ಜಾಣತನವಿರುವಂತೆ ನಿರುಪಾಯವೂ ಇದ್ದಿತು.

ಎರಡನೆಯದಾಗಿ, ಬಾಳಿಕೆಯ ಬೆಲೆಯನ್ನು ಹಣದಿಂದ ಕೊಟ್ಟವನು ಗಂಡಸು. ಮೈಮುರಿದು ಕೊಟ್ಟವಳು ಹೆಂಗಸು. ಕಂಚು ಹಿತ್ತಾಳೆಗಳನ್ನು ದಿನವೂ ಬೂದಿ ಹುಣಿಸೆಹಣ್ಣು ಹಾಕಿ ತಿಕ್ಕಿದವರು ಯಾರು? ತುಂಬಿದ ತಾಮ್ರದ ಕೊಡವನ್ನು ಬಾವಿಯಿಂದ ಸೊಂಟದ ಮೇಲೆ ಹೊತ್ತು ತಂದವರು ಯಾರು? ಮುಂದೆ ಹಗುರವಾದ ಪಾತ್ರೆ ಬಂದಾಗ ಅದನ್ನು ಅವರು ಸಂತೋಷದಿಂದ ಸ್ವಾಗತಿಸಿದುದನ್ನು ಅವಿವೇಕವೆನ್ನುವುದು ಅನ್ಯಾಯ.

ಆ ಹಗುರವಾದ ಪಾತ್ರೆ ಬಂದ ಕಥೆ ನಮ್ಮ ಸೀಮೆಗೆ ಹತ್ತಿರದ್ದು. ಅಲ್ಯೂಮಿನಿಯಂ ಲೋಹವು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೂಲ್ಯ ಲೋಹಗಳ ಪಂಕ್ತಿಯಲ್ಲಿದ್ದಿತು. 1884ರಲ್ಲಿ ಅಮೆರಿಕದವರು ವಾಷಿಂಗ್ಟನ್ನನ ಸ್ಮಾರಕಸ್ತಂಭದ ತುದಿಗೆ ಅದನ್ನೇ ಕಿರೀಟವಾಗಿ ಇಟ್ಟರು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆಯೇ, ವಿದ್ಯುಚ್ಛಕ್ತಿಯಿಂದ ಅದನ್ನು ಪ್ರತ್ಯೇಕಿಸುವ ವಿಧಾನವನ್ನು ಕಂಡುಹಿಡಿದರು. ಬೆಲೆ ಥಟ್ಟನೆ ಇಳಿಯಿತು. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು ಆ ಲೋಹದಿಂದ ನಮ್ಮ ದೇಶದ ಅಡಿಗೆಯ ಪಾತ್ರೆಗಳನ್ನು ಮಾಡಿಸತೊಡಗಿದರು. ಉದ್ಯಮ ಕೈಹತ್ತಿತು, 1903ರಲ್ಲಿ ಸರ್ಕಾರವು ಅದನ್ನು ಒಂದು ಖಾಸಗಿ ಕಂಪನಿಗೆ ವಹಿಸಿಕೊಟ್ಟಿತು. ಇದೇ ಚಾಟರ್ಟನ್ನರು 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದು, ಶ್ರೀಗಂಧದ ಎಣ್ಣೆಯ ಉದ್ಯಮಕ್ಕೆ ಅಸ್ತಿಭಾರ ಹಾಕಿದವರಲ್ಲಿ ಒಬ್ಬರಾದರು.

ಹೊಸ ಪಾತ್ರೆಯಿಂದ ಬಂದ ಲಾಭ ಸ್ಪಷ್ಟವಾಗಿದ್ದಿತು: ಕಲಾಯಿ ಬೇಡ, ಭಾರವಿಲ್ಲ, ಬೆಲೆ ಕಡಮೆ, ಬೇಗ ಕಾಯುವುದು. ಬಡವನ ಮನೆಯೂ ಮೊದಲ ಸಲ ಲೋಹದ ಪಾತ್ರೆಯನ್ನು ಕಂಡಿತು. ಆದರೆ ಆದ ನಷ್ಟ ಕಣ್ಣಿಗೆ ಬೀಳಲು ಕಾಲ ಹಿಡಿಯಿತು. ಉಪ್ಪು ಹುಳಿಗಳು ಈ ಲೋಹವನ್ನೂ ಕೊರೆದು ಗುಳಿಬೀಳಿಸುವುವು. ಅದರ ಮೈಮೇಲೆ ಗಾಳಿ ಸೋಕಿದೊಡನೆಯೇ ಏಳುವ ತೆಳುಪೊರೆಯ ದೆಸೆಯಿಂದ ಬೀದಿಯ ಕಮ್ಮಾರನ ಬೆಸುಗೆ ಅದಕ್ಕೆ ಸುಲಭವಾಗಿ ಹತ್ತದು. ಹಳೆಯದನ್ನು ಮಾರಿದರೆ ಬರುವ ಹಣ ತಾಮ್ರ ಹಿತ್ತಾಳೆಗಳಿಗೆ ಬರುವುದರ ಮುಂದೆ ಅಲ್ಪ. ಹೀಗೆ ಪಾತ್ರೆ ಆಸ್ತಿಯ ಪಟ್ಟಿಯಿಂದ ಇಳಿದು ಖರ್ಚಿನ ಪಟ್ಟಿಗೆ ಬಂದಿತು. ಇಲ್ಲಿ ಮೋಸಮಾಡಿದವರು ಯಾರೂ ಇಲ್ಲ. ಕೊಟ್ಟವರು ಒಳ್ಳೆಯದನ್ನೇ ಬಯಸಿದರು, ಕೊಂಡವರಿಗೆ ಅನುಕೂಲವೇ ಆಯಿತು. ಆದರೆ ಕಲಾಯಿಯವನ ತಿದಿಯ ಸದ್ದು ಒಂದೊಂದೇ ಬೀದಿಯಲ್ಲಿ ನಿಂತಿತು. ಅವನ ಮಗನು ಬೇರೆ ಕಸಬು ಹಿಡಿದನು. ಅದರೊಡನೆ, ಅಟ್ಟದ ಮೇಲೆ ಉಳಿದಿದ್ದ ಹಿತ್ತಾಳೆಯ ಪಾತ್ರೆಗಳೂ, ತಾವು ಗಟ್ಟಿಯಾಗಿದ್ದರೂ, ಕಲಾಯಿಯಿಲ್ಲದೆ ಅಡಿಗೆಗೆ ನಿರುಪಯೋಗವಾದುವು.

ಉದ್ದೇಶಪೂರ್ವಕವಾಗಿಯೇ ವಸ್ತುವಿನ ಆಯುಸ್ಸನ್ನು ಇಳಿಸಿದ ಪ್ರಸಂಗವೂ ಚರಿತ್ರೆಯಲ್ಲುಂಟು. ಅದು ವಿದ್ಯುದ್ದೀಪದ ಕಥೆ. ಶಿವನಸಮುದ್ರದ ವಿದ್ಯುಚ್ಛಕ್ತಿ 1902ರಲ್ಲಿ ಕೋಲಾರದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಆ ದೀಪದ ಬುರುಡೆಗಳನ್ನು ತಯಾರಿಸುತ್ತಿದ್ದ ಜಗತ್ತಿನ ಪ್ರಮುಖ ಕಂಪನಿಗಳು, ಜರ್ಮನಿಯ ಓಸ್ರಾಂ, ಹಾಲೆಂಡಿನ ಫಿಲಿಪ್ಸ್ ಮೊದಲಾದುವು, 1924ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಸೇರಿ ಒಂದು ಕೂಟವನ್ನು ಕಟ್ಟಿಕೊಂಡುವು. ಅದರ ಹೆಸರು ಫೀಬಸ್. ಗ್ರೀಕರ ಸೂರ್ಯದೇವತೆಯ ಹೆಸರು. ಮಾರುಕಟ್ಟೆಯನ್ನು ತಮ್ಮತಮ್ಮೊಳಗೆ ಹಂಚಿಕೊಂಡುದಲ್ಲದೆ, ಮನೆಗಳಲ್ಲಿ ಉರಿಯುವ ಬುರುಡೆಯ ಆಯುಸ್ಸು 1000 ಗಂಟೆ ಎಂದು ಗೊತ್ತುಮಾಡಿದುವು. ಅದಕ್ಕೆ ಮೊದಲು 1500ರಿಂದ 2000 ಗಂಟೆ ಉರಿಯುವ ಬುರುಡೆಗಳು ಸಾಮಾನ್ಯವಾಗಿದ್ದುವು. ಸದಸ್ಯ ಕಾರ್ಖಾನೆಗಳು ತಮ್ಮ ಬುರುಡೆಗಳ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಬೇಕು; ಗೊತ್ತಾದುದಕ್ಕಿಂತ ಹೆಚ್ಚು ಕಾಲ ಉರಿದರೆ ದಂಡ ತೆರಬೇಕು! ಪರೀಕ್ಷಿಸಿದ ಬುರುಡೆಗಳ ಸರಾಸರಿ ಆಯುಸ್ಸು 1926ರಲ್ಲಿ 1800 ಗಂಟೆಯಿದ್ದುದು 1933–34ರ ವೇಳೆಗೆ 1205 ಗಂಟೆಗೆ ಇಳಿದಿದ್ದಿತು. ಯುದ್ಧವು ಬಂದು 1939ರಲ್ಲಿ ಆ ಕೂಟ ಮುರಿಯಿತು.

ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಆ ಬಗೆಯ ಬುರುಡೆಯಲ್ಲಿ ತಂತಿಯನ್ನು ಹೆಚ್ಚು ಕಾಯಿಸಿದರೆ ಬೆಳಕು ಚೆನ್ನಾಗಿರುವುದು, ಆದರೆ ತಂತಿ ಬೇಗ ಸುಡುವುದು. ಕಡಮೆ ಕಾಯಿಸಿದರೆ ಬಹುಕಾಲ ಉರಿಯುವುದು, ಆದರೆ ಬೆಳಕು ಮಂದವಾಗಿ ವಿದ್ಯುಚ್ಛಕ್ತಿಯೇ ಪೋಲಾಗುವುದು. ಕ್ಯಾಲಿಫೋರ್ನಿಯದ ಲಿವರ್‌ಮೋರ್ ಪಟ್ಟಣದ ಅಗ್ನಿಶಾಮಕ ಠಾಣೆಯಲ್ಲಿ 1901ರಲ್ಲಿ ಹತ್ತಿಸಿದ ಬುರುಡೆಯೊಂದು ನೂರು ವರ್ಷ ಮೀರಿ ಉರಿದು ಪ್ರಸಿದ್ಧವಾಗಿದೆ; ಅದು ಕೊಡುವ ಬೆಳಕು ಮಾತ್ರ ರಾತ್ರಿಯ ಮಿಣುಕುದೀಪದಷ್ಟು. 1951ರಲ್ಲಿ ಬ್ರಿಟನ್ನಿನ ಏಕಸ್ವಾಮ್ಯ ವಿಚಾರಣಾ ಆಯೋಗವು ಈ ಪ್ರಶ್ನೆಯನ್ನು ಪರಿಶೀಲಿಸಿದಾಗ ದೀಪದ ಆಯುಸ್ಸಿಗೂ ಬೆಳಕಿಗೂ ಇರುವ ಈ ಕೊಳುಕೊಡುಗೆಯನ್ನು ಗಮನಿಸಿತು. ಆದುದರಿಂದ 1000 ಗಂಟೆಯೆಂಬುದು ಅರ್ಥವಿಲ್ಲದ ಸಂಖ್ಯೆಯಲ್ಲ. ತಪ್ಪಿದ್ದುದು ಬೇರೆಡೆ: ಮಂದವಾಗಿ ಬಹುಕಾಲ ಉರಿಯುವುದು ಬೇಕೊ, ಪ್ರಕಾಶವಾಗಿ ಸ್ವಲ್ಪ ಕಾಲ ಉರಿಯುವುದು ಬೇಕೊ ಎಂದು ಆರಿಸಿಕೊಳ್ಳುವ ಅಧಿಕಾರ ಕೊಳ್ಳುವವನದಾಗಿರಬೇಕಾಗಿದ್ದಿತು. ಅದನ್ನು ಅವನಿಗೆ ತಿಳಿಯದಂತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ತೆಗೆದುಕೊಂಡರು.

ಕೆಲವೇ ವರ್ಷಗಳಲ್ಲಿ ಮುಚ್ಚಿದ ಬಾಗಿಲಿನ ಅಗತ್ಯವೂ ಉಳಿಯಲಿಲ್ಲ. 1932ರಲ್ಲಿ, ಅಮೆರಿಕದಲ್ಲಿ ಮಹಾಮುಗ್ಗಟ್ಟು ವಿಷಮವಾಗಿದ್ದಾಗ, ಬರ್ನಾರ್ಡ್ ಲಂಡನ್ ಎಂಬುವರು ಒಂದು ಕಿರುಪುಸ್ತಕವನ್ನು ಪ್ರಕಟಿಸಿದರು. ಅವರ ಸೂಚನೆ ಇದು: ಸರ್ಕಾರವು ಪ್ರತಿಯೊಂದು ಬಗೆಯ ಪದಾರ್ಥಕ್ಕೂ ಆಯುಸ್ಸನ್ನು ವಿಧಿಸಬೇಕು, ಅವಧಿ ಮುಗಿದ ವಸ್ತು, ಗಟ್ಟಿಯಾಗಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಸತ್ತಂತೆ, ಅದನ್ನು ಒಪ್ಪಿಸಿ ಹೊಸದನ್ನು ಕೊಂಡರೆ ಕಾರ್ಖಾನೆಗಳು ನಡೆದು ನಿರುದ್ಯೋಗ ನೀಗುವುದು. ಅವರನ್ನು ಹಾಸ್ಯಮಾಡುವುದು ಸುಲಭ. ಆದರೆ ಕೆಲಸವಿಲ್ಲದೆ ಬೀದಿಪಾಲಾದ ಜನರನ್ನು ಕಂಡು ಮರುಗಿ ಬರೆದವರು ಅವರು. ಸರ್ಕಾರ ಆ ಕಾನೂನನ್ನು ಎಂದೂ ಮಾಡಲಿಲ್ಲ. ಆದರೆ ವರ್ಷವರ್ಷವೂ ಬದಲಾಗುವ ಬಣ್ಣ, ಆಕಾರ, ಮಾದರಿಗಳ ಮೂಲಕ, ಚೆನ್ನಾಗಿರುವ ವಸ್ತುವನ್ನೇ ‘ಹಳೆಯದು’ ಎನ್ನಿಸುವ ಕಲೆ ಬೆಳೆಯಿತು. ಕಾನೂನು ಮಾಡದ ಕೆಲಸವನ್ನು ನಮ್ಮ ನಾಚಿಕೆಯೇ ಮಾಡತೊಡಗಿತು.

ಇಷ್ಟು ಕೇಳಿ, ಯಂತ್ರಯುಗದ ವಸ್ತುಗಳೆಲ್ಲ ಅಲ್ಪಾಯುಗಳೆಂದು ಯಾರೂ ನಿರ್ಣಯಿಸಬಾರದು. ಹೊಲಿಗೆಯಂತ್ರವನ್ನು ನೋಡಿರಿ. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟು ಪಡೆದ ಯಂತ್ರದ ವಂಶದವು ಇಂದಿಗೂ ನಮ್ಮ ದರ್ಜಿಗಳ ಅಂಗಡಿಗಳಲ್ಲಿ ಓಡುತ್ತಿರುವುವು. ಸೂಜಿ ಮುರಿದರೆ ಸೂಜಿ, ಬೆಲ್ಟು ಹರಿದರೆ ಬೆಲ್ಟು, ಬಾಬಿನ್ ಹೋದರೆ ಬಾಬಿನ್. ಮಿಕ್ಕ ಉಕ್ಕು ಎಣ್ಣೆ ಕುಡಿದು ಮೂರು ತಲೆಮಾರು ದುಡಿಯುವುದು. ಆ ಕಂಪನಿಯವರೇ 1856ರ ಸುಮಾರಿಗೆ ಕಂತಿನ ಮಾರಾಟವನ್ನು ಪ್ರಸಿದ್ಧಿಗೆ ತಂದರು. ಅಂದು ಸಾಲ ತೀರಿದ ಮೇಲೆ ಯಂತ್ರವು ಎಷ್ಟೋ ವರ್ಷ ಉಳಿದು ಮನೆಯವರಿಗೆ ಅನ್ನ ಕೊಡುತ್ತಿದ್ದಿತು. ಇಂದು ಕಂತು ತೀರುವ ಮೊದಲೇ ವಸ್ತು ಕೆಟ್ಟುಹೋಗುವ ಸಂದರ್ಭಗಳು ಅಪರೂಪವಲ್ಲ. ಕಂತಿನ ಪದ್ಧತಿ ಅಂದಿನದೇ. ಸಾಲದ ಆಯುಸ್ಸಿಗೂ ವಸ್ತುವಿನ ಆಯುಸ್ಸಿಗೂ ಇದ್ದ ಪ್ರಮಾಣ ತಿರುಗುಮುರುಗಾಗಿದೆ.

ಪ್ರೆಷರ್ ಕುಕ್ಕರಿನದೂ ಇದೇ ಬಗೆಯ ಕಥೆ. 1679ರಲ್ಲಿ ಡೆನಿ ಪಾಪಾಂ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಅದರ ಮೂಲರೂಪವನ್ನು ತೋರಿಸಿದರು. ನಮ್ಮ ದೇಶದಲ್ಲಿ ಅದರ ತಯಾರಿಕೆ 1959ರ ಸುಮಾರಿಗೆ ನೆಲೆಗೊಂಡಿತು. ಅದರಲ್ಲಿ ಬೇಗ ಸವೆಯುವುವು ಯಾವುವು? ರಬ್ಬರಿನ ಗ್ಯಾಸ್ಕೆಟ್ಟು, ಅಪಾಯ ತಪ್ಪಿಸುವ ವಾಲ್ವು, ಹಿಡಿಕೆ. ಮೂರೂ ಬಿಡಿಯಾಗಿ ಸಣ್ಣ ಪೇಟೆಯ ಪಾತ್ರೆ ಅಂಗಡಿಯಲ್ಲಿ ಸಿಕ್ಕುವುವು, ಗೃಹಿಣಿಯೇ ಹಾಕಿಕೊಳ್ಳಬಹುದು. ಕಲಾಯಿಯ ಸೂತ್ರವೇ ಇಲ್ಲಿಯೂ ಇದೆಯಲ್ಲವೆ? ಇನ್ನು ಸ್ಟೇನ್‌ಲೆಸ್ ಸ್ಟೀಲು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದ ತುಕ್ಕುಹಿಡಿಯದ ಉಕ್ಕಿನ ಬಂಧುವಾದ ಈ ಲೋಹ ನಮ್ಮ ಮನೆಗಳಿಗೆ ಬಂದಾಗ, ಕಂಚಿಗಿದ್ದ ಬಾಳಿಕೆಯೂ ಅಲ್ಯೂಮಿನಿಯಮ್ಮಿಗಿದ್ದ ಅನುಕೂಲವೂ ಒಂದೆಡೆ ಸೇರಿದುವು. ಹುಳಿಗೆ ಅದು ಹೆದರದು, ಕಲಾಯಿ ಕೇಳದು. ಅದರ ಮೇಲೂ ಜನರು ಮತ್ತೆ ಹೆಸರು ಕೆತ್ತಿಸತೊಡಗಿದುದು ಆಕಸ್ಮಿಕವಲ್ಲ. ಉಳಿಯುವ ವಸ್ತು ಯಾವುದೆಂದು ಜನರಿಗೆ ಗೊತ್ತಾಗುವುದು. ಅದರ ಮೇಲೆ ಮಾತ್ರ ಹೆಸರು ಬರೆಯಿಸುವರು.

ರೇಡಿಯೋದ ಮುಂದೆ ಕುಳಿತವರಿಗೆ ರೇಡಿಯೋದ ಮಾತನ್ನೇ ಹೇಳದಿರುವುದೆಂತು? ಹಿಂದಿನ ವಾಲ್ವಿನ ಸೆಟ್ಟುಗಳಲ್ಲಿ ಕೆಟ್ಟ ವಾಲ್ವನ್ನು ಕಿತ್ತು ಹೊಸದನ್ನು ಅದೇ ಗೂಡಿನಲ್ಲಿ ಕೂರಿಸಬಹುದಾಗಿದ್ದಿತು. ರಿಪೇರಿಯವನು ಹಿಂಬದಿಯ ತಿರುಪು ಬಿಚ್ಚಿದರೆ ಇಡೀ ಯಂತ್ರ ಅವನ ಕಣ್ಣೆದುರಿಗೆ ಇರುತ್ತಿದ್ದಿತು. ಇಂದಿನ ಎಷ್ಟೋ ಉಪಕರಣಗಳನ್ನು ತಿರುಪಿನ ಬದಲು ಅಂಟಿನಿಂದ ಮುಚ್ಚಿರುವರು. ಬ್ಯಾಟರಿಯೊಂದು ಸೋತರೂ ಇಡೀ ವಸ್ತುವೇ ಸೋತಂತೆ. ಎಲ್‌ಇಡಿ ದೀಪದಲ್ಲಿ ಬೆಳಕು ಕೊಡುವ ಹರಳು ಬಹುಕಾಲ ಬಾಳಬಲ್ಲದು. ಆದರೆ ಅದರ ಬುಡದಲ್ಲಿರುವ ಚಿಕ್ಕ ವಿದ್ಯುನ್ಮಂಡಲ ಶಾಖಕ್ಕೆ ಸಿಕ್ಕಿ ಅನೇಕ ವೇಳೆ ಮೊದಲೇ ಕೆಡುವುದು. ಅದನ್ನು ಬಿಚ್ಚಿ ಬದಲಾಯಿಸುವಂತಿಲ್ಲದುದರಿಂದ ಗಟ್ಟಿಯಾದ ಹರಳೂ ಕಸದ ತೊಟ್ಟಿಯನ್ನು ಸೇರುವುದು. 2022ನೆಯ ಒಂದು ವರ್ಷದಲ್ಲಿಯೇ ಜಗತ್ತು ಎಸೆದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳ ತೂಕ ಸುಮಾರು 6.2 ಕೋಟಿ ಟನ್ನು ಎಂದು ವಿಶ್ವಸಂಸ್ಥೆಯ ಆಶ್ರಯದಲ್ಲಿ ಸಿದ್ಧವಾದ ವರದಿ ಲೆಕ್ಕಹಾಕಿದೆ. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ತಂದುದೆಂದು ದಾಖಲೆಯಾದುದು ಕಾಲುಭಾಗಕ್ಕಿಂತಲೂ ಕಡಮೆ.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ನಮ್ಮ ದೇಶದಲ್ಲಿ 1947ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯ ಐಎಸ್‌ಐ ಮುದ್ರೆ ಸುಮಾರು ಏಳು ದಶಕಗಳಿಂದ ಗೃಹಸ್ಥನಿಗೆ ಆಸರೆಯಾಗಿದೆ. 1986ರ ಗ್ರಾಹಕ ರಕ್ಷಣಾ ಶಾಸನವೂ, ಅದರ ಸ್ಥಾನಕ್ಕೆ ಬಂದ 2019ರ ಶಾಸನವೂ ದೂರು ಕೊಡುವ ಹಾದಿಯನ್ನು ತೆರೆದಿವೆ. 2021ರಲ್ಲಿ ಫ್ರಾನ್ಸ್ ದೇಶವು, ವಸ್ತುವನ್ನು ರಿಪೇರಿಮಾಡುವುದು ಎಷ್ಟು ಸುಲಭವೆಂಬುದಕ್ಕೆ ಹತ್ತರಲ್ಲಿ ಇಷ್ಟೆಂದು ಅಂಕ ಕೊಟ್ಟು, ಬೆಲೆಚೀಟಿಯ ಪಕ್ಕದಲ್ಲಿಯೇ ಪ್ರಕಟಿಸಬೇಕೆಂದು ಕೆಲವು ಬಗೆಯ ಉಪಕರಣಗಳಿಗೆ ವಿಧಿಸಿತು. 2022ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ರಿಪೇರಿಯ ಹಕ್ಕಿಗೆಂದು ಒಂದು ಜಾಲತಾಣವನ್ನು ತೆರೆಯಿತು. 2024ರಲ್ಲಿ ಯೂರೋಪಿನ ಒಕ್ಕೂಟವು ಅದೇ ಹಕ್ಕನ್ನು ಕುರಿತ ನಿರ್ದೇಶವನ್ನು ಅಂಗೀಕರಿಸಿತು. ಇವೆಲ್ಲ ಶ್ಲಾಘನೀಯವೇ. ಆದರೆ ಶಾಸನವು ಬಾಗಿಲನ್ನು ತೆರೆಯಬಲ್ಲುದು. ಒಳಕ್ಕೆ ನಡೆಯಬೇಕಾದವರು ಕೊಳ್ಳುವ ನಾವು.

ಹಾಗಾದರೆ ನಾವು ಮಾಡತಕ್ಕದ್ದೇನು? ಚರಿತ್ರೆಯಿಂದ ನಾಲ್ಕು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು. ಅಂಗಡಿಯಲ್ಲಿ ಹಣದ ಚೀಲ ಬಿಚ್ಚುವ ಮೊದಲು ಇವನ್ನು ಕೇಳಿಕೊಂಡರೆ ಸಾಕು.

ಮೊದಲನೆಯದು ಕಲಾಯಿಯವನ ಪ್ರಶ್ನೆ. ಈ ವಸ್ತುವಿನಲ್ಲಿ ಮೊದಲು ಸವೆಯುವ ಭಾಗ ಯಾವುದು, ಅದೊಂದೇ ಬಿಡಿಯಾಗಿ ಸಿಕ್ಕುವುದೆ, ಅದನ್ನು ಹಾಕಿಕೊಡಬಲ್ಲವರು ನಮ್ಮ ಊರಿನಲ್ಲಿರುವರೆ? ಮಿಕ್ಸಿಯ ಜಾರಿನ ಅಲಗು, ಫ್ಯಾನಿನ ಕೆಪಾಸಿಟರು, ಕುಕ್ಕರಿನ ಗ್ಯಾಸ್ಕೆಟ್ಟು ಇವು ಸಿಕ್ಕುವ ಕಂಪನಿಯ ಮಾಲೇ ಉತ್ತಮ. ಇಷ್ಟು ವರ್ಷದ ಗ್ಯಾರಂಟಿ ಎಂಬ ಮಾತಿಗಿಂತ, ಗ್ಯಾರಂಟಿ ಮುಗಿದ ಮರುದಿನ ಏನಾಗುವುದೆಂಬ ವಿಚಾರ ಮುಖ್ಯ.

ಎರಡನೆಯದು ಬೋಗಾರನ ಪ್ರಶ್ನೆ. ಹಳೆಯದಾದಾಗ ಇದಕ್ಕೆ ಏನು ಬೆಲೆ? ಉಕ್ಕಿನ ಬೀರು, ತೇಗದ ಮಂಚ, ಕಂಚಿನ ತಟ್ಟೆಗಳಿಗೆ ಮುಪ್ಪಿನಲ್ಲಿಯೂ ಗಿರಾಕಿಗಳುಂಟು. ಮರದ ಹೊಟ್ಟನ್ನು ಅಂಟಿನಿಂದ ಒತ್ತಿ ಮೇಲೆ ಚಂದದ ಕಾಗದ ಮೆತ್ತಿದ ಹಲಗೆಯ ಬೀರು ಒಂದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದರೆ ಒಲೆಗೂ ಆಗದು.

ಮೂರನೆಯದು ವರ್ಷದ ಲೆಕ್ಕ. 600 ರೂಪಾಯಿಯ ಬಾಣಲೆ ಎರಡು ವರ್ಷ ಬಂದರೆ ವರ್ಷಕ್ಕೆ 300 ರೂಪಾಯಿ ಬಿದ್ದಿತು. 2400 ರೂಪಾಯಿಯದು ಇಪ್ಪತ್ತು ವರ್ಷ ಬಂದರೆ ವರ್ಷಕ್ಕೆ 120 ರೂಪಾಯಿ ಮಾತ್ರ. ಹಾಗೆಂದು ಬೆಲೆ ಹೆಚ್ಚಿದುದೆಲ್ಲ ಬಾಳಿಕೆಯದೆಂದು ಭ್ರಮಿಸಬಾರದು. ಹೊಳಪಿಗೂ ಹೆಸರಿಗೂ ಕೊಡುವ ಹಣ ಬಾಳಿಕೆಗೆ ಕೊಟ್ಟ ಹಣವಲ್ಲ. ಇಲ್ಲಿಯೇ ಒಂದು ಕಠಿನವಾದ ಸತ್ಯವೂ ಇದೆ. ಒಮ್ಮೆಗೇ 2400 ರೂಪಾಯಿ ಎಣಿಸಲಾರದವನು ಎರಡೆರಡು ವರ್ಷಕ್ಕೂ 600 ಕೊಡುತ್ತ, ಇಪ್ಪತ್ತು ವರ್ಷದಲ್ಲಿ 6000 ರೂಪಾಯಿ ತೆರುವನು. ಅಗ್ಗದ ವಸ್ತು ಬಡವನಿಗೇ ದುಬಾರಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಅವನಿಗೆ ಉಪದೇಶಿಸುವ ಮೊದಲು, ಅವನಿಗೆ ಗಿಡ್ಡ ಹಾಸಿಗೆಯನ್ನೇ ಮತ್ತೆ ಮತ್ತೆ ಮಾರುತ್ತಿರುವವರು ಯಾರೆಂದು ವಿಚಾರಿಸಬೇಕು. ಗಟ್ಟಿಯಾದ ಹಳೆಯ ಸಾಮಾನನ್ನು ನಾಚಿಕೆಯಿಲ್ಲದೆ ಕೊಳ್ಳುವ ಪೇಟೆ, ರಿಪೇರಿಯಾದ ವಸ್ತುವಿಗೂ ಸ್ವಲ್ಪ ಕಾಲದ ಭರವಸೆ, ಇವು ಅಂಥವನಿಗೆ ಉಪದೇಶಕ್ಕಿಂತ ಹೆಚ್ಚಿನ ಉಪಕಾರ.

ನಾಲ್ಕನೆಯದು ಅಗತ್ಯದ ಪ್ರಶ್ನೆ. ವಸ್ತು ಬಾಳುವುದಾದರೂ ನಮ್ಮ ಅಗತ್ಯ ಬಾಳುವುದೆ? ವರ್ಷಕ್ಕೊಮ್ಮೆ ಬೇಕಾಗುವುದನ್ನು ಮನೆಮನೆಯೂ ಕೊಳ್ಳಬೇಕಾಗಿಲ್ಲ. ಮದುವೆಯ ಅಡಿಗೆಗೆ ಬೇಕಾದ ದೊಡ್ಡ ಕೊಪ್ಪರಿಗೆಗಳನ್ನು ನಮ್ಮ ಹಳ್ಳಿಗಳಲ್ಲಿ ದೇವಸ್ಥಾನದಲ್ಲಿಯೋ ಊರೊಟ್ಟಿನಲ್ಲಿಯೋ ಇಟ್ಟುಕೊಂಡು, ಬೇಕಾದವರು ತಂದು ತೊಳೆದು ಹಿಂದಿರುಗಿಸುತ್ತಿದ್ದರು. ಗೋಡೆ ಕೊರೆಯುವ ಯಂತ್ರಕ್ಕೂ ಎತ್ತರದ ಏಣಿಗೂ ನಗರದ ಒಂದು ಬೀದಿಯವರು ಇದೇ ಪದ್ಧತಿಯನ್ನು ಏಕೆ ಅನುಸರಿಸಬಾರದು?

ಶ್ರೋತೃಮಹಾಶಯರೆ, ಕೊನೆಗೆ ಒಂದು ಮಾತು. ರಿಪೇರಿಯವನು ಕೇಳುವ ಕೂಲಿಯನ್ನು ಹೊಸ ವಸ್ತುವಿನ ಬೆಲೆಯೊಡನೆ ಹೋಲಿಸಿ, ‘ಇಷ್ಟಕ್ಕೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುವುದಲ್ಲ’ ಎಂದು ಹಿಂದಿರುಗುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ನಾವು ಕೊಡುವ ಕೂಲಿಯಿಂದ ಒಂದು ವಸ್ತು ಮಾತ್ರ ಉಳಿಯುವುದಲ್ಲ, ಸರಿಮಾಡುವ ವಿದ್ಯೆಯೂ ಉಳಿಯುವುದು. ಕಲಾಯಿಯವನು ಹೋದ ಮೇಲೆ ಹಿತ್ತಾಳೆಯ ಪಾತ್ರೆಗಳಿಗೆ ಏನಾಯಿತೆಂಬುದನ್ನು ಕಂಡೆವು. ಇಂದು ಬೀದಿಯ ಮೂಲೆಯಲ್ಲಿ ಮಿಕ್ಸಿ ಫ್ಯಾನುಗಳನ್ನು ಬಿಚ್ಚಿಕೊಂಡು ಕುಳಿತವನೂ, ಕೊಡೆ ಚಪ್ಪಲಿಗಳನ್ನು ಹೊಲಿಯುವವನೂ, ಗಡಿಯಾರದ ಗಾಜಿಗೆ ಕಣ್ಣಿಟ್ಟು ಬಗ್ಗಿರುವವನೂ ಅದೇ ಹಾದಿಯ ಅಂಚಿನಲ್ಲಿರುವರು. ಅವರ ಮಕ್ಕಳು ಆ ಕಸಬನ್ನು ಕಲಿಯುವಷ್ಟು ಸಂಪಾದನೆ ಅವರಿಗಾಗುವುದೊ ಇಲ್ಲವೊ ಎಂಬುದು, ಮುಂದಿನ ವಾರ ನಮ್ಮ ಮನೆಯ ಯಾವುದೋ ಒಂದು ವಸ್ತು ಕೆಟ್ಟಾಗ ನಾವು ಯಾವ ಕಡೆಗೆ ನಡೆಯುವೆವೆಂಬುದನ್ನು ಅವಲಂಬಿಸಿದೆ. ಒಂದು ಸಲ ಅವನ ಅಂಗಡಿಗೆ ಹೋಗಿ ವಿಚಾರಿಸಿ, ಆಮೇಲೆ ಹೊಸದನ್ನು ಕೊಳ್ಳುವ ಯೋಚನೆ ಮಾಡಿರಿ ಎಂದಷ್ಟೇ ನಮ್ಮ ವಿಜ್ಞಾಪನೆ.